ಸತ್ಯಪ್ಪನ ಹೆಸರಿನ ಬಾಟ್ಲಿ

ಕುಂದರು. ಕುಂದರು ಅಂದ್ನೆಲ್ಲೋ ಸತ್ಯಾ… ಗಾಡಿಯಿಂದ ಇಳಿದಾಂವ ಹಿಂಗ ತಲಿ ಬಗ್ಗಿಸಿಕೊಂಡು ಊರ ಕಡಿ ಹೊಂಟ್ರ ನಾ ನೋಡಂಗಿಲ್ಲ ಅಂತ ತಿಳಿದಿದ್ದೇನು? ಖಾನಾಪುರದಿಂದ ಮುಂಬೈ ತನಕ ಹಂಚಿನ ಲಾರಿ ಹೊಡಿಯಾಂವ ನಾ. ಅರ್ಧಾ ಮೈಲಿ ದೂರದಾಗ ಎಮ್ಮಿ ಅಡ್ಡ ಬಂದ್ರ ಅದರ ಕ್ವಾಡು ಎಡಕ್ಕ ಬಾಗೇತೋ ಬಲಕ್ಕೋ ಹೇಳ್ತೀನಿ. ನೀ ಏನ ಎಮ್ಮಿಗಿಂತ ಸಣ್ಣಾಂವೇನು?

ಹಾಂ, ಹಂಗ. ಈ ಟೇಶನ್ನಿನ ಕಟ್ಟಿ ಮ್ಯಾಲ ಚಲೋ ನೆಳ್ಳೈತಿ. ಚಾ ತರಸ್ಲಿ? ಬ್ಯಾಡಂದ್ರ ಬ್ಯಾಡ.

ಈಗ ಹೇಳು, ದೇಸೂರಾಗ ನಿನಗೇನ ಕೆಲಸ? ಬೀಡಿಯಿಂದ ಖಾನಾಪುರಕ್ಕ ಬಸ್ಸು, ಅಲ್ಲಿಂದ ಇಲ್ಲಿಗೆ ರೈಲ ಗಾಡಿ… ಇಷ್ಟ ತ್ರಾಸ ತಗೊಂಡು ಬಂದಿ ಅಂದ್ರ, ಸುಮ್ಮ ಬಂದೆ ಅನಬ್ಯಾಡ. ಈ ಊರಾಗ ನಿನಗ ಸಲಿಗಿ ಇದ್ದದ್ದು ಒಂದ ಮನಿ, ರಾಯಪ್ಪ ಮಾವಂದು. ಮೊದಲ ನೌಕರಿ ಇಲ್ಲಿ ಸಾಲ್ಯಾಗ ಸಿಕ್ಕಾಗ ಎರಡ ವರ್ಷ ಅವರ ಮನಿ ರೊಟ್ಟಿ ತಿಂದಿ. ಅವರ ಮಗಳು ಮಾಯಕ್ಕಗ ಕೈ ಹಿಡಿದು ಅಕ್ಷರಾ ಕಲಿಸಿದಿ. ಆ ಮಾಯಕ್ಕನ ಜೋಡಿ ಬರೂ ಸೋಮವಾರ ನನ್ನ ಲಗ್ನ ಐತಿ. ಹಂಗಾದ್ರ ನೀ ಇಲ್ಲಿ ಯಾಕ ಇಳದಿ ಅಂತ ನಾ ಕೇಳೂದ ಬ್ಯಾಡ.

ಏನು, ಬಾಯಾಗ ಬೆಲ್ಲದ ಪಾಕ ಹಿಡದೈತಿ? ಬಿಡು. ನೀ ಮಾತಾಡದಿದ್ರೂ ನಡೀತೈತಿ. ಸಣ್ಣಾಂವಿದ್ದಾಗಿಂದೂ ನಮ್ಮಿಬ್ಬರಾಗ ಮಾತಾಡಾಂವ ನಾ, ಹೂಂ ಅನ್ನಾಂವ ನೀ.

ಖಾನಾಪುರದ ಕಡಿ ಹೋಗೂ ಗಾಡಿ ಇನ್ನ ಅರ್ಧಾ ತಾಸಿಗೆ ಬರ್ತೈತಿ. ಟಿಕೇಟ ನಾ ತಗಸಿಕೊಡ್ತೀನಿ. ಹತ್ತು, ಕುಂದರು, ಬೀಡಿಗೆ ಹೋಗು. ಮನ್ಯಾಗ ಬಾಗಲಾ ಹಾಕ್ಕೊಂಡು ಸೋಮವಾರ ತನಕ ಮಲಕೋ. ಇಷ್ಟ ನಾ ಕೇಳೂದು. ಆ ಕಡಿ ನೋಡು, ಬೇವಿನ ಮರದ ಬುಡಕ ನಿಂತದ್ದು ನನ್ನ ಲಾರಿ. ತುಂಬ ಹಂಚೈತಿ. ಖಾನಾಪುರ ಹಂಚು, ಬಾರಿಸಿದ್ರ ಕಂಚಿನಂಗ ಠಣ್ ಅಂತೈತಿ. ಮಾವನ ಮನಿ ಮ್ಯಾಲ ಇನ್ನೂ ಹುಲ್ಲು ಹೊಚ್ಚಿದ್ರು. ಅಳಿಯಾ ಆಗಾಂವ ನಾ ಇರಬೇಕಾದ್ರ ನನ್ನ ಹೇಂತಿ ತವರಮನಿ ಸೋರಬೇಕೇನು? ‘ಇಂಥಾ ಅಳಿಯಾ ಏಳೂರಾಗ ಯಾರಿಗೂ ಸಿಗಂಗಿಲ್ಲ’ ಅಂತ ಮಾವ ಮಂದಿ ಮುಂದ ಹೇಳ್ಕೋತ ತಿರಗ್ತಾನ. ಆ ಮನಶ್ಯಾನ ಮುಂದ ಹೋಗಿ ನೀ ಏನ ಊದಾಂವ?

ಯಾಕ ನನ್ನ ತೋಳ ನೋಡ್ತಿ? ಸೂಜಿ ಹೊಕ್ಕ ಗುರುತು ಹುಡುಕ್ತಿಯೇನು? ಅದು ಯಾವಾಗ ಮಾಯ್ದು ಹೋತು. ಈ ತೋಳಾ ಅಂದ್ರ ಏನಂತ ತಿಳಿದಿ, ಬೆಳಗಾವಿ ಗರಡಿಮನ್ಯಾಗ ಮೂರ ವರ್ಷ ಮಣ್ಣ ತಿಂದದ್ದು. ನನ್ನ ರಕ್ತಾ ಅಂದ್ರ ಹಾಲು, ಬದಾಮು, ತುಪ್ಪ. ಅದನ್ನ ನಿನ್ನ ಹೇಂತಿಗೆ ಒಂದ ಬಾಟ್ಲಿ ತುಂಬ ಕೊಟ್ಟಿದ್ದೆ. ಮರತಿ ಅಂದ್ರ ನೆನಪ ಮಾಡ್ತೀನಿ, ಕೇಳು.

ಪಂಚಮಿ ಮರುದಿನ. ನಾ ಬೆಳಗಾವ್ಯಾಗ ಲಾರಿ ರಿಪೇರಿಗೆ ಬಿಟ್ಟು ಖಾಲಿ ಇದ್ದೆ. ನಿನ್ನ ಹೇಂತಿ, ನಮ್ಮ ವೈನಿಗೆ ಹೆರಿಗಿ ಅಂತ ಕೇಳಿ ದವಾಖಾನಿಗೆ ಬಂದೆ. ನೀ ಪ್ಯಾಸೇಜನ್ಯಾಗ ಗ್ವಾಡಿಗೆ ತಲಿ ಹಚ್ಚಿ ನಿಂತಿದ್ದಿ. ಗಂಡ ಕೂಸು ಹುಟ್ಟಿತ್ತು, ಸಾವಂತ್ರವ್ವ ವೈನಿ ಮಾತ್ರ… ರಕ್ತ ನಿಲ್ಲವಲ್ದು. ಡಾಕ್ಟರ ಹೊರಗ ಬಂದು, ರಕ್ತಾ ಬೇಕು, ಈಗಿಂದೀಗ ಬೇಕು, ಮನಿ ಮಂದಿ ಯಾರ ಅದೀರಿ ಅಂದ. ವೈನಿ ಅಣ್ಣತಮ್ಮರಿಬ್ಬರೂ ಚಪ್ಪಲಿ ನೋಡ್ಕೋತ ನಿಂತ್ರು. ಹೋರಿ ಹಂಗ ಇದ್ದ ಮಕ್ಕಳು. ಒಬ್ಬಾಂವಗ ನಾಳೆ ನೇಗಿಲ ಹೊಡಿಯಾಕ ಶಕ್ತಿ ಉಳಿಯಂಗಿಲ್ಲ ಅಂತ ಅಂಜಿಕಿ. ಇನ್ನೊಬ್ಬಾಂವ, ರಕ್ತಾ ಕೊಟ್ಟ್ರ ಗಂಡಸತನ ಹೋಗ್ತೈತಿ ಅಂತ ನನ್ನ ಕಿವ್ಯಾಗ ಹೇಳಿದ. ಕಡೀಕ ನಿನ್ನ ಕೈ ಬೆರಳಿಗೆ ಚುಚ್ಚಿ ನೋಡಿದ್ರು, ರಕ್ತಾ ಕೂಡತು. ನಂದೂ ನೋಡಿದ್ರು, ನಂದೂ ಕೂಡತು. ಗಂಡನ ಇದ್ದಾನಂದ್ರ ಗಂಡನ ಕೊಡಲಿ ಅಂದ್ರು. ಕಾಗದ ಬರದ್ರು: ಸತ್ಯಪ್ಪ, ವಯಸ್ಸು ಇಪ್ಪತ್ತೆಂಟು, ಸಾಲಿ ಮಾಸ್ತರ, ಊರು ಬೀಡಿ.

ಆಮ್ಯಾಲ ಏನಾತು? ಹೇಳ್ಳಿ? ಮಾಸ್ತರು ಮಂಚದ ಮ್ಯಾಲ ಅಡ್ಡಾದ್ರು. ನರ್ಸಬಾಯಿ ಸೂಜಿ ತಂದಳು. ಸೂಜಿ ನೋಡಿದ್ರು. ಕಣ್ಣ ಮ್ಯಾಲ ಹೋದ್ವು, ಕಾಲ ಜಾಡಿಸಿದ್ರು, ಧಪ್ ಅಂತ ಕೆಳಗ ಬಿದ್ರು.

ನಗು ಬರ್ತೈತಿ ನನಗ. ಇವತ್ತೂ ಬರ್ತೈತಿ. ನಿನ್ನ ಎತ್ತಿ ಮೂಲ್ಯಾಗ ಕುಂದರಿಸಿದಾಂವ ಯಾರು? ನೀರ ಚಿಮಕಿಸಿದಾಂವ ಯಾರು? ನೀ ನನ್ನ ಎರಡೂ ಕಾಲ ಹಿಡಕೊಂಡಿ, ‘ಭರಮ್ಯಾ, ಅಕಿ ಹೋಗ್ತಾಳೋ, ನೀ ಮಲಕೋ’ ಅಂದಿ. ಬಾಗಲಾ ಹಾಕಿತ್ತು, ಒಳಗ ನಾವಿಬ್ಬರು ಮತ್ತ ಆ ನರ್ಸಬಾಯಿ. ನಾ ಮಲಕೊಂಡೆ. ಬಾಟ್ಲಿ ತುಂಬತು. ಚೀಟಿ ಬ್ಯಾರೆ ಬರಿಯಾಕ ಯಾರಿಗೆ ಪುರಸೊತ್ತಿತ್ತು? ನಿನ್ನ ಹೆಸರಿನ ಚೀಟಿ ನನ್ನ ಬಾಟ್ಲಿ ಕೊಳ್ಳಾಗ ಕಟ್ಟಿಕೊಂಡು ಅಕಿ ಓಡಿದಳು. ಬಿಸಿ ಬಿಸಿ ರಕ್ತಾ ವೈನಿ ಮೈಯಾಗ ಹೋತು. ಅಕಿ ಬದುಕಿದಳು.

ಬದುಕಿದಳೋ ಇಲ್ಲೋ? ಅಷ್ಟರ ಹೇಳು.

ಇರಲಿ. ಹೊರಗ ಬಂದ ಮ್ಯಾಲ ನೀ ಏನ ಮಾಡಿದಿ? ನಿಮ್ಮ ಮಾವ ಗುರುಪುತ್ರಪ್ಪ ನಿನ್ನ ತಬ್ಬಿಕೊಂಡು ಅತ್ತ. ‘ನನ್ನ ಗಂಡಮಕ್ಕಳು ಹಿಂದ ಸರದ್ರು, ಅಳಿಯಾ ರಕ್ತಾ ಬಸದು ಕೊಟ್ಟ’ ಅಂದ. ಆಗ ಬಾಯಿ ತಗದು, ನಾ ಅಲ್ರೀ ಮಾವಾರ, ಇವ ಕೊಟ್ಟಾಂವ ಅಂತ ಅನಬೇಕಿತ್ತಿಲ್ಲೋ? ಅನಲಿಲ್ಲ. ತೊಟ್ಟಲಾ ಹಾಕಿದ ದಿನ ಅವರು ನಿನಗ ಕೇಸರಿ ರುಮಾಲ ಸುತ್ತಿದ್ರು, ಊರ ಹೆಂಗಸರು ಆರತಿ ಮಾಡಿದ್ರು. ಆ ರುಮಾಲ ನನ್ನ ತಲಿಗೆ ಬರಬೇಕಾದದ್ದು. ಪಂಕ್ತ್ಯಾಗ ನಿನ್ನ ಎದರ ಕುಂತು ಹೋಳಿಗಿ ಹರಕೋತ ನಾ ಒಳಗ ಬಿದ್ದು ಬಿದ್ದು ನಗಾಕತ್ತಿದ್ದೆ. ಒಂದ ಮಾತ ಆಡಿದ್ನೇನು? ಒಂದ ಇಲಿ ಹೊಡದ್ರ ಹತ್ತ ಊರಿಗೆ ಡಂಗುರಾ ಸಾರಾಂವ ನಾ. ನಿನ್ನ ಮಾನಕ್ಕಂತ ಜೀವದಾಗ ಒಮ್ಮಿ ಬಾಯಿ ಮುಚ್ಚಿಕೊಂಡೆ.

ಹಂಗಾದ ಮ್ಯಾಲ ದಸರಾ ಆಗಿ ಎಂಟ ದಿನಕ್ಕ ಆ ಕಾಗದಾ ಬಂತು.

ನೀ ತಲಿ ಬಗ್ಗಿಸಬ್ಯಾಡ. ಇಲ್ಲಿ ಯಾರೂ ಇಲ್ಲ. ಖಬರ ಇನ್ನ ದೇಸೂರಿಗೆ ಮುಟ್ಟಿಲ್ಲ… ಮುಟ್ಟಿದ್ರ ನಿನ್ನ ಈ ಕಟ್ಟಿ ಮ್ಯಾಲ ಕುಂದ್ರಾಕ ಬಿಡ್ತಿದ್ದಿಲ್ಲ. ದವಾಖಾನಿಯವರು ಬಾಟ್ಲ್ಯಾಗಿನ ಚೂರ ರಕ್ತಾ ತಗದಿಟ್ಟು ಪುಣೆಕ್ಕ ಕಳಿಸಿದ್ರಂತ, ಅಲ್ಲಿಂದ ಖಬರ ಬರಾಕ ಅಷ್ಟ ದಿನಾ. ಸತ್ಯಪ್ಪ ಅನ್ನಾಂವನ ರಕ್ತದಾಗ ಏಡ್ಸ್ ರೋಗ ಐತಿ, ಹೇಂತಿ ಕೂಸಿನ ಕರಕೊಂಡು ಲಗೂನ ಬರ್ರಿ. ಇಂಗ್ಲೀಷ ಕಾಗದಾ. ನೀ ಸಾಲ್ಯಾಗಿದ್ದಿ. ನಿಮ್ಮವ್ವ ಕಾಶವ್ವ ಅದನ್ನ ಓದಸಾಕಂತ ಚಾದ ಅಂಗಡಿಗೆ ಒಯ್ದಳು, ಅಲ್ಲಿ ಟಪಾಲದಾಂವ ಹತ್ತ ಮಂದಿ ಮುಂದ ದನಿ ಎತ್ತಿ ಓದಿದ. ಮುಗೀತು. ಮರುದಿನದಿಂದ ಚಾದಾಂವ ‘ಮಾಸ್ತರ, ಮನಿಯಿಂದ ಗ್ಲಾಸ ತರ್ರಿ’ ಅಂದ. ಕ್ಷೌರದಾಂವ ಕತ್ತಿ ಮುಚ್ಚಿಟ್ಟ. ಅದಕ್ಕ ಹಿಂಗ ಗಡ್ಡ ಬಿಟ್ಟಿ, ಚಂದ ಕಾಣ್ತಿ ಬಿಡು, ಮಠದ ಸ್ವಾಮಿ ಕಂಡಂಗ. ಸಾಲ್ಯಾಗ ನಿನ್ನ ಮುಂದ ಕುಂದ್ರಾಕ ಒಂದ ಹುಡುಗಾ ಇಲ್ಲಂತ. ಮ್ಯಾಲಿನ ಸಾಹೇಬರು ರಜಾ ಬರಕೊಡು ಅಂದ್ರಂತ.

ವೈನಿ ಅಣ್ಣತಮ್ಮರು ಬಂದು ಅಕಿನ್ನ, ಕೂಸಿನ್ನ ಚಕ್ಕಡಿ ಹತ್ತಿಸಿಕೊಂಡು ಹೋದ್ರು. ಹೋಗೂ ಮುಂದ ನಿನ್ನ ಎದಿಗೆ ಒದ್ದ್ರಂತ. ಒಂದ ಹನಿ ರಕ್ತಾ ಕೊಡಾಕ ಅಂಜಿದ ಮಕ್ಕಳು. ‘ಎಲ್ಲೆಲ್ಲೋ ಹೊಲಸ ತಿಂದು ಬಂದು ನಮ್ಮ ತಂಗಿಗೆ ಹಚ್ಚಿದಿ’ ಅಂದ್ರಂತ. ನಿನಗ. ಹಾದ್ಯಾಗ ಹೆಣಮಕ್ಕಳು ಬಂದ್ರ ಚಪ್ಪಲ್ಯಾಗ ಕಲ್ಲ ಸಿಕ್ಕಾಂವನಂಗ ಬಗ್ಗಿ ನಿಲ್ಲೂ ನಿನಗ. ನೀ ಕಂಡದ್ದು ಒಂದ ಹೇಂತಿ, ಅದೂ ದೀಪಾ ಕಳದ ಮ್ಯಾಲ.

ಸಿಟ್ಟ ಬಂತೇನು? ಬರಲಿ. ಇಲ್ಲಾ… ಬಂದಿಲ್ಲ. ನೀ ಏನ ಮನಶ್ಯಾನೋ ಮಾರಾಯಾ.

ನೋಡು, ಅದೆಲ್ಲಾ ಸುಳ್ಳ ಐತಿ. ಪುಣೆದವರಿಗೆ ಏನ ಗೊತ್ತಾಗ್ತೈತಿ, ಬಾಟ್ಲಿ ಅದಲ ಬದಲ ಆಗಿರಬೇಕು. ನನಗ ರೋಗಾ? ಈ ಎದಿ ನೋಡು, ಗುದ್ದು ಬೇಕಾದ್ರ. ನೀ ಏನ ಕೇಳಬೇಕಂತಿ ಗೊತ್ತೈತಿ. ಹೌದಪಾ, ಹೋಗ್ತೀನಿ. ಇಂಜಿನ್ ಬಾಜುಕ ಹದಿನಾಲ್ಕ ತಾಸು ಕುಂತ್ರ ಮೈಯಾಗ ಉಷ್ಣ ತುಂಬತೈತಿ. ಅದನ್ನ ಇಳಿಸದಿದ್ರ ಕಣ್ಣಿಗೆ ಬರ್ತೈತಿ, ಕಣ್ಣಿಗೆ ಬಂದ್ರ ಘಾಟಿನ್ಯಾಗ ಲಾರಿ ಕಂದಕಕ್ಕ ಹೋಗ್ತೈತಿ. ನನ್ನ ಉಸ್ತಾದ ಹೇಳಿಕೊಟ್ಟ ಮೊದಲ ಪಾಠ ಅದು. ಗೇರು ಬ್ರೇಕು ಎಲ್ಲಾ ಆಮ್ಯಾಲ. ಹದಿನೆಂಟ ವರ್ಷದಾಂವಿದ್ದೆ. ಢಾಬಾದ ಹಿಂದ ಗುಡಸಲಾ ತೋರಿಸಿ, ‘ಹೋಗಿ ಬಾ, ಡ್ರೈವರ ಆಗ್ತಿ’ ಅಂದ. ಹೋಗಿ ಬಂದೆ, ಡ್ರೈವರ ಆದೆ. ಎಷ್ಟ ಗುಡಸಲಾ, ಯಾವ ಊರು, ಲೆಕ್ಕಾ ಯಾಂವ ಇಡ್ತಾನ? ಮಾರಿ ನೋಡಿದ್ರಲ್ಲೇನು ನೆನಪಿರೂದು.

ಆಮ್ಯಾಲ ಲಿಂಬಿ ಹಣ್ಣ ಹಿಂಡಿ ತೊಳಕೊಂಡ್ರ ಎಲ್ಲಾ ಸ್ವಚ್ಛ. ಉರಿ ಅಂತೀ ಅಂದ್ರ ಎದ್ದು ಕುಣೀತಿ, ಆದ್ರ ರೋಗ ಸಾಯ್ತೈತಿ. ಒಮ್ಮೊಮ್ಮಿ ಹುಣ್ಣ ಆಗ್ತಾವು. ಹೆದ್ದಾರಿ ಬಾಜುಕ ಒಬ್ಬ ಕಂಪೌಂಡರ ಅದಾನ, ನಾಕ ಮಂದಿ ಡ್ರೈವರನ್ನ ಸಾಲಾಗಿ ನಿಲ್ಲಿಸಿ ಒಂದ ಸೂಜ್ಯಾಗ ಎಲ್ಲಾರಿಗೂ ಚುಚ್ಚಿ ಕಳಿಸ್ತಾನ. ಮರುದಿನ ಗಾಡಿ ಮ್ಯಾಲ.

ಯಾಕ ನಗ್ತಿ? ನಕ್ಕಿಯಲ್ಲಾ ಈಗ… ತುಟಿ ಒಂದ ಕಡಿ ಹೋತು, ನಾ ನೋಡಿದೆ. ನಿರೋಧ ಅನ್ನಾಂವೇನು? ನಮ್ಮೂರಾಗ ಕುಟುಂಬ ಯೋಜನೆಯವರು ಡಬ್ಬಿಗಟ್ಟಲೆ ಹಂಚಿದಾಗ ನಿನ್ನ ಸಾಲಿ ಹುಡುಗೂರು ಪುಗ್ಗಾ ಊದಿ ಬಾಗಲಿಗೆ ಕಟ್ಟಿದ್ದಿಲ್ಲೇನು? ಅದು ಗಂಡಸು ಹಾಕ್ಕೊಳ್ಳೂದೇನೋ? ಹೋದ ವರ್ಷ ಒಬ್ಬಾಕಿ, ಹೊಟ್ಟಿಗೆ ಕೂಳಿಲ್ಲದಾಕಿ, ಅದನ್ನ ಕೈಯಾಗ ಹಿಡಕೊಂಡು ನನಗ ಹೇಳಾಕ ಬಂದಳು. ನಿನ್ನ ಕಣ್ಣಿಗೆ ನಾ ರೋಗಿಷ್ಟ ಕಂಡ್ನೇನು ಅಂತ ಕಪಾಳಕ್ಕ ಒಂದ ಬಿಟ್ಟೆ. ಆಮ್ಯಾಲ ಗಪ್ಪ ಆದಳು. ಎಲ್ಲಾರೂ ಗಪ್ಪ ಆಗ್ತಾರ.

ನಮ್ಮವ್ವ ಕಾಡವ್ವ ಏನ ಸುಮ್ಮ ಅಂತಾಳೇನು? ‘ಲಗ್ನ ಆಗೋ, ಮನಿ ಹೆಣ್ಣ ಬಂದ್ರ ಮೈ ತಣ್ಣಗಾಗ್ತೈತಿ’ ಅಂತಾಳ. ಮಾಯಕ್ಕ ಬಂದ್ರ ಈ ಗುಡಸಲಾ ಎಲ್ಲಾ ಬಂದ್. ಅಕಿ ಹದಿನೇಳ ವರ್ಷದಾಕಿ, ಮಳೀ ನೀರ ಇದ್ದಂಗ ಅದಾಳ. ನನಗ ಹತ್ತಿದ್ದು ಏನರ ಇದ್ರೂ ಅಂಥಾಕಿ ಜೋಡಿ ಒಂದ ತಿಂಗಳಿದ್ರ ತೊಳದು ಹೋಗ್ತೈತಿ ಅಂತ ನಮ್ಮ ಹಳೇ ಡ್ರೈವರ ಮಂದಿ…

ಸುಮ್ಮ ಅಂದೆ. ಹತ್ತಿದ್ದು ಇದ್ರ ಅಂದೆ. ಇಲ್ಲಲ್ಲ. ಹಂಗ ಕಣ್ಣ ಬಿಡಬ್ಯಾಡ.

ಏಳಬ್ಯಾಡ. ಸತ್ಯಾ, ಮಣಿಕಟ್ಟ ಹಿಡದೀನಿ, ತಿರುವಿದ್ರ ಕಟ್ ಅಂತೈತಿ. ಕುಂದರು. ಹಾಂ.

ಈಗ ಸಾವಕಾಶ ವಿಚಾರ ಮಾಡು, ನೀ ಕಲತಾಂವ. ಮಾವನ ಮುಂದ ಹೋಗಿ, ರಕ್ತಾ ನಂದಲ್ಲ, ಭರಮಪ್ಪಂದು ಅಂತಿ. ಯಾಂವ ನಂಬತಾನ? ಕಾಗದದಾಗ ನಿನ್ನ ಹೆಸರೈತಿ. ದವಾಖಾನಿ ಪುಸ್ತಕದಾಗ ನಿನ್ನ ಹೆಸರೈತಿ. ನಿನ್ನ ರಕ್ತಾ ಬ್ಯಾರೆ ನೋಡಸ್ತಿ ಅಂದ್ರ, ಪುಣೆಯಿಂದ ಖಬರ ಬರೂದ್ರಾಗ ನನ್ನ ಲಗ್ನ ಆಗಿ ಹೋಗಿರ್ತೈತಿ. ಊರ ಮುಂದ ರುಮಾಲ ಸುತ್ತಿಸಿಕೊಂಡಾಂವ ನೀ. ‘ರುಮಾಲ ಬಂದಾಗ ನಂದು, ರೋಗಾ ಬಂದಾಗ ಅವಂದು?’ ಅಂತ ಕೇಳ್ತಾರ, ಏನ ಹೇಳ್ತಿ? ಸೂಜಿ ನೋಡಿ ಎಚ್ಚರ ತಪ್ಪಿ ಬಿದ್ದೆ ಅಂತಿ? ಹೇಂತಿ ಸಾಯೂ ಮುಂದ ಗಂಡ ಮೂಲ್ಯಾಗ ಬಿದ್ದಿದ್ದ ಅಂತ ಊರ ಹೆಂಗಸರು ನೀರ ತರೂ ಮುಂದ ನಗಬೇಕೇನು? ಗುರುಪುತ್ರಪ್ಪನ ಮಾರಿ ಹೆಂಗ ನೋಡ್ತಿ? ನನ್ನ ಮಾತ ಕೇಳು, ರೋಗದ ಹೆಸರಿಗಿಂತ ಅಂಜಬುರುಕನ ಹೆಸರು ಕೆಟ್ಟದ್ದು. ಅದು ಸತ್ತ್ರೂ ಹೋಗಂಗಿಲ್ಲ.

ಒಳಗ ಚುಚ್ಚಿತಿಲ್ಲೋ? ಚುಚ್ಚಬೇಕಂತನ ಅಂದೆ.

ಮತ್ತ ನೋಡು, ನಿನ್ನ ಜೀವನಾ ಆತು. ಲಗ್ನ ಕಂಡಿ, ಮಗನ್ನ ಕಂಡಿ. ನಂದು ಇನ್ನ ಸುರು ಆಗಬೇಕು. ಹಂದರಾ ಹಾಕ್ಯಾರ, ಬ್ಯಾಂಡಿನವರಿಗೆ ಹೇಳೀನಿ, ಮುಂಬೈಯಿಂದ ಅಕಿಗೆ ಜರದ ಸೀರಿ ತಂದೀನಿ. ಇನ್ನ ನಾಕ ದಿನಾ ನೀ ಬಾಯಿ ಮುಚ್ಚಿಕೊಂಡಿದ್ರ ಆತು. ಆಮ್ಯಾಲ ನಾನ ಬಂದು ವೈನಿ ಅಣ್ಣತಮ್ಮರ ಕೊಳ್ಳ ಹಿಡದು, ‘ನಮ್ಮ ಸತ್ಯಪ್ಪ ಅಪರಂಜಿ ಅದಾನ’ ಅಂತ ಹೇಳಿ ಅಕಿನ್ನ ನಿನ್ನ ಮನಿ ಮುಟ್ಟಸ್ತೀನಿ. ಭರಮಪ್ಪ ಆಡಿದ್ರ ಮಾತು.

ಏನು? ಏನ ನೋಡಾಕತ್ತಿ ಆ ಹಳಿ ಕಡಿ… ಕೂಸಾ? ಕೂಸಿಗೆ ಏನಾಗೇತಿ? ಜ್ವರಾ ಬಂದೈತೇನು? ಮೂರ ತಿಂಗಳ ಕೂಸಿಗೆ ಜ್ವರಾ ಬರ್ತಾವು, ಬಿಡ್ತಾವು. ಬಜಿ ಅರದು ಹಾಕು ಅನ್ನು. ವೈನಿಗೇನೂ ಆಗಂಗಿಲ್ಲ, ಒಂದ ಬಾಟ್ಲಿ ಹೋಗೇತಿ, ಅಷ್ಟ. ಬಾಳಂತಿ ಖಾರಾ ತಿಂದಾಕಿ ಎಲ್ಲಾ ಸುಟ್ಟಿರ್ತಾಳ ಒಳಗ. ಮೊಲಿ ಕುಡಸ್ತಾಳಿಲ್ಲೋ? ಕುಡಸವಲ್ಲಳಾ? ತವರಮನ್ಯಾಗ ಅಕಿಗೆ ದನದ ಕೊಟಗ್ಯಾಗ ಹಾಸಿ ಕೊಟ್ಟಾರಂತ ಯಾರೋ ಹೇಳಿದ್ರು, ನಾ ನಂಬಲಿಲ್ಲ.

ಅಳಬ್ಯಾಡ. ಮಂದಿ ನೋಡ್ತಾರ. ಈ ಟವೆಲ್ಲಿಂದ ಒರಸಿಕೋ… ಇರಲಿ ಇಟ್ಟಗೋ, ತಿರುಗಿ ಕೊಡಬ್ಯಾಡ.

ನಾನೂ ಕಲ್ಲಲ್ಲ ಸತ್ಯಾ. ವೈನಿ ಕೈ ರೊಟ್ಟಿ ಉಂಡೀನಿ. ನನಗರ ಏನ ಗೊತ್ತಿತ್ತು? ನಿನಗ ಗೊತ್ತಿರಲಿಲ್ಲ, ನನಗ ಗೊತ್ತಿರಲಿಲ್ಲ. ಗೊತ್ತಿದ್ದ್ರ ಆ ಮಂಚಾ ಹತ್ತತಿದ್ನೇನು? ಬೀರಪ್ಪನ ಆಣಿ, ಹೊಟ್ಟ್ಯಾಗ ಹುಟ್ಟೂ ಮಕ್ಕಳ ಆಣಿ. ಹಾಲು ಕೊಡ್ತೀನಿ ಅಂತ ತಿಳಿದು ಕೊಟ್ಟೆ. ಅದರಾಗ ವಿಷಾ ಇತ್ತು ಅಂದ್ರ ಅದು ನನ್ನ ತಪ್ಪೇನು? ದೇವರ ತಪ್ಪು. ನೀ ದೋಸ್ತನ್ನ ಕೇಳಿದಿ, ದೋಸ್ತ ಕೊಟ್ಟ. ಅಷ್ಟಕ್ಕ ದೋಸ್ತನ ಲಗ್ನ ಮುರೀತಿಯೇನು?

ಹಾಂ… ಮುರಿಯಂಗಿಲ್ಲ. ಗೊತ್ತಿತ್ತು ನನಗ. ನಿನ್ನ ಮನಸ ಬೆಣ್ಣಿ ಐತಿ.

ಗಾಡಿ ಬಂತು ನೋಡು. ಏಳು. ತಗೋ ಟಿಕೇಟ. ಖಾನಾಪುರದಾಗ ಇಳದು ಏನರ ತಿನ್ನು, ಮಾರಿ ಬಾಡೇತಿ. ಈ ಡಬ್ಬಿ ಖಾಲಿ ಐತಿ, ಹತ್ತು. ಹಿಡಿ ಹಿಡಕೋ… ಒಂದ ಕಾಲ ಇಟ್ಟಿ, ಇನ್ನೊಂದ ಇಡು. ಶಾಬಾಸ. ಇವತ್ತ ಖರೇ ಗಂಡಸಾದಿ. ನನ್ನ ಕಾಳಜಿ ಮಾಡಬ್ಯಾಡ, ನಾ ಇನ್ನ ನಲವತ್ತ ವರ್ಷ ಲಾರಿ ಹೊಡೀತೀನಿ. ಈ ಡಾಕ್ಟರ ಮಂದಿ ಹೆದರಿಕಿಗೆ ಸಾಯಾಂವ ನಾ ಅಲ್ಲ. ಆ ಮುಂಬೈ ಡಾಕ್ಟರ ಏನಂದಿದ್ದ ಗೊತ್ತೇನು? ಕುಂದರಿಸಿ, ಕಾಗದಾ ತೋರಿಸಿ, ಯಾರಿಗೂ ರಕ್ತಾ ಕೊಡಬ್ಯಾಡ, ಲಗ್ನದ ವಿಚಾರ ಬಿಟ್ಟಬಿಡು ಅಂದಿದ್ದ. ಹೋಳಿ ಹುಣ್ಣಿವಿಯಿಂದ ಇಲ್ಲೀ ತನಕ ಎಂಟ ತಿಂಗಳಾತು. ನನ್ನ ಒಂದ ಕೂದಲಾ ಉದುರೇತೇನು ಹೇಳು…

ಯಾಕ?

ಯಾಕ ಇಳದಿ? ಹತ್ತೋ. ಸೀಟಿ ಹೊಡದ. ಲೇ, ಗಾಡಿ ಹೊಂಟತು.

ಹೋತು.

ನೋಡಿದಿ? ಇನ್ನ ಸಂಜಿ ತನಕ ಗಾಡಿ ಇಲ್ಲ. ಏನಾತು ನಿನಗ? ಏನಂದೆ ನಾ? ಏನೂ ಅಂದಿಲ್ಲ. ಹೋಳಿ ಅಂದ್ನೇನು… ದೀಪಾವಳಿ ಅನಬೇಕಂತ ಮಾಡಿದ್ದೆ. ಮನ್ನೆ ದೀಪಾವಳಿಗೆ ನೋಡಿದ ಡಾಕ್ಟರ. ಗಾಡಿ ಸಪ್ಪಳದಾಗ ಬಾಯಿ ತಪ್ಪಿತು. ಎಂಟ ತಿಂಗಳು ಅಂದೆ? ಎಂಟ ದಿನಾ.

ಬೈ ಬೇಕಾದ್ರ. ಹೊಡಿ. ನಾ ಕೈ ಎತ್ತಂಗಿಲ್ಲ. ಹಿಂಗ ನಿಂತು ನೋಡಬ್ಯಾಡ.

ಆತು. ಹೋಳಿಗೆ ಗೊತ್ತಾತು. ಮತ್ತೇನ ಮಾಡಬೇಕಿತ್ತು? ನೀ ಬಿದ್ದ ಮ್ಯಾಲ ನಾ ಬಾಗಲಾ ತಗದು ಹೊರಗ ಹೊಂಟಿದ್ದೆ. ಖರೇ ಹೇಳ್ತೀನಿ, ಒಂದ ಕಾಲ ಹೊರಗ ಇಟ್ಟಿದ್ದೆ. ಆಗ ಆ ನರ್ಸಬಾಯಿ ನಕ್ಕಳು. ನೀ ಎಚ್ಚರ ಇದ್ದಿಲ್ಲ, ನಿನಗ ಗೊತ್ತಿಲ್ಲ. ನನ್ನ ಮ್ಯಾಲಿಂದ ಕೆಳಗ ನೋಡಿ, ‘ಇಷ್ಟ ದೊಡ್ಡ ಶರೀರ, ನೀವೂ ಅಂಜಿದ್ರೇನು?’ ಅಂದಳು. ಇಪ್ಪತ್ತ ವರ್ಷದ ಹುಡುಗಿ, ಹಲ್ಲ ಕಾಣೂವಂಗ ನಕ್ಕಳು. ನಾ ಏನ ಹೇಳಲಿ? ನನ್ನ ರಕ್ತಾ ಕೆಟ್ಟೈತಿ, ಯಾರ ಹಾಸಗಿ ಮ್ಯಾಲ ಕೆಡಿಸಿಕೊಂಡ್ನೋ ನನಗ ಗೊತ್ತಿಲ್ಲವ್ವಾ ಅಂತ ಅಕಿ ಮುಂದ ಅನಬೇಕೇನು? ನಾ? ಗರಡಿಮನ್ಯಾಗ ಮಂದಿ ಯಾರ ಹೆಸರ ಕೇಳಿ ಲಂಗೋಟಿ ಬಿಚ್ಚತಿದ್ರೋ ಅಂಥಾಂವ? ತೋಳ ಮಡಚಿ ಮಲಕೊಂಡೆ. ನೀ ಕಾಲ ಹಿಡದದ್ದು ಆಮ್ಯಾಲ. ಆಗಲೇ ಸೂಜಿ ಒಳಗ ಹೋಗಿತ್ತು.

ಏನರ ಅನ್ನೋ.

ಕೈ ಬಿಡಂಗಿಲ್ಲ. ಊರ ಕಡಿ ಒಂದ ಹೆಜ್ಜಿ ಇಟ್ಟ್ರ ಇಲ್ಲೇ ಹಳಿ ಮ್ಯಾಲ… ಗಪ್ಪ. ಗಪ್ಪ ನಿಂದರು. ಆ ಪುಟ್ಟಿ ಹೊತ್ತುಕೊಂಡು ಬರಾಕತ್ತಾಳಲ್ಲ, ಬಾಳವ್ವತ್ತಿ ಅಕಿ, ಮಾವನ ಅಕ್ಕ. ನಗು. ಸ್ವಲ್ಪ ನಗೋ.

ಶರಣ್ರೀ ಅತ್ತಿ. ಹೌದ್ರೀ, ಹಂಚು ತಂದೀನಿ, ಆಳ ಕಳಿಸ್ರಿ, ಇಳಿಸಿಕೊಡ್ತೀನಿ… ಇವರಾ? ಗುರುತು ಸಿಕ್ಕಿತೇನ್ರಿ? ಹೌದ್ರಿ, ಸಾಲಿ ಮಾಸ್ತರು, ಸತ್ಯಪ್ಪ ಮಾಸ್ತರು. ಗಡ್ಡ ಬಿಟ್ಟಾರ… ಹರಕಿ ಐತಂತ್ರಿ. ಇಲ್ರಿ, ಕೈ ಯಾಕ ಹಿಡೀಲಿ, ದೋಸ್ತ ಅದಾರ, ಸುಮ್ಮ ಸಲಿಗಿ. ಬಿಟ್ಟೆ ನೋಡ್ರಿ.

ಚಾಕ್ಕ? ಬ್ಯಾಡ್ರೀ ಅತ್ತಿ, ಅವರಿಗೆ ಗಾಡಿ ಐತಿ… ಹೋತ್ರಿ, ಈಗ ಹೋತು, ಖರೇ. ಸಂಜೀ ತನಕ ಇಲ್ಲೇ ಕುಂದರ್ತಾರ, ನನ್ನ ಜೋಡಿ. ಮಾಯಕ್ಕ ನೆನಸ್ತಾಳಾ? ನೆನಸಲಿ ಬಿಡ್ರಿ, ಲಗ್ನದಾಗ ಭೆಟ್ಟಿ ಆಗ್ತಾರಲ್ಲ… ನಾನ? ನಾ ಹೆಂಗ ಬರ್ಲಿ ಅತ್ತಿ. ಸೀರಿ ಉಡಿಸಿದ ಮ್ಯಾಲ ಅಕ್ಕಿಕಾಳ ಬೀಳೂತನಕ ಅಳಿಯಾ ನಿಮ್ಮ ಹೊಸ್ತಿಲಾ ತುಳೀಬಾರದು, ನೀವ ಹೇಳಿದ್ರಿ. ಹೌದ್ರಿ, ಹಿರ್‍ಯಾರ ಮಾತು. ನಾ ಇಲ್ಲೇ ನಿಂದರ್ತೀನಿ.

ಮಾಸ್ತರ… ನೀವು ಬ್ಯಾಡಂತ ಹೇಳ್ರಿ ಅತ್ತಿಗೆ. ಮೈಯಾಗ ಆರಾಮಿಲ್ಲಂತ ಹೇಳ್ರಿ.

ಅವರ ಪುಟ್ಟಿ ನೀವ್ಯಾಕ ಹೊರತೀರಿ? ಕೊಡ್ರಿಲ್ಲೆ, ನಾ ಊರ ಅಗಸಿ ಬಾಗಲ ತನಕ… ಇಲ್ರೀ ಅತ್ತಿ, ದಾಟಂಗಿಲ್ಲ. ದಾಟಂಗಿಲ್ಲ.

ಮಾಸ್ತರ. ಒಂದ ಮಾತು ಕೇಳ್ರಿ. ಏನಿಲ್ರೀ ಅತ್ತಿ, ನಮ್ಮಿಬ್ಬರ ಮಾತು… ಮಾಸ್ತರ, ಕೇಳಾಕತ್ತೈತಿಲ್ರಿ? ಏನ ಹೇಳ್ತೀರೋ ಹೇಳ್ರಿ. ಮಾಯಕ್ಕ ಕೇಳಿದ್ರ, ನನಗ ಗೊತ್ತಿರಲಿಲ್ಲ ಅಂತ ಹೇಳ್ರಿ. ಅದೊಂದ. ನನಗ ಗೊತ್ತಿರಲಿಲ್ಲ ಅಂತ.

ಹೂಂ ಅನ್ರಿ, ಮಾಸ್ತರ.